ತಿಮಿಂಗಿಲಗಳಿಗೆ ಆಯುಧಪೂಜೆ ಮಾಡಿದ ವರ್ಷ

ಮೊನ್ನೆ ಸಕ್ಕರೆ ಪರೀಕ್ಷೆಗೆಂದು ನಮ್ಮ ಬೀದಿಯ ಕೊನೆಯಲ್ಲಿರುವ ಲ್ಯಾಬಿಗೆ ಹೋಗಿದ್ದೆ. ರಕ್ತ ತೆಗೆಯುವ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂದುಬಿಟ್ಟಿತು.

"ಏನಜ್ಜಿ, ಸೂಜಿ ಚುಚ್ಚೋಕ್ ಮುಂಚೆ ನಗ್ತಿದೀರಾ? ಇಲ್ಲಿ ಎಲ್ಲಾರೂ ಮುಖ ಕಿವುಚ್ಕೊಳ್ತಾರೆ" ಎಂದಳು.

"ನನ್ ಮೊಮ್ಮಗಳು ಡಾಕ್ಟರು ಕಣಮ್ಮ" ಎಂದೆ.

"ಹೌದಾ? ಯಾವ ಆಸ್ಪತ್ರೇಲಿ?"

"ಆಸ್ಪತ್ರೆ ಅಲ್ಲ. ತಿಮಿಂಗಿಲದ ಡಾಕ್ಟರು."

ಹುಡುಗಿ ಸೂಜಿಯನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. ಅಜ್ಜಿಗೆ ಸಕ್ಕರೆ ತಲೆಗೇರಿದೆ ಎಂದುಕೊಂಡಳೋ ಏನೋ. ಹಿಂದೆ ಜನ ಸಾಲಾಗಿ ಕೂತಿದ್ದರು, ವಿವರಿಸಿ ಹೇಳಲು ಹೊತ್ತಿರಲಿಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಕನ್ನಡ ಬರುತ್ತದೆ, ಇಂಗ್ಲಿಷ್ ಒಂದಕ್ಷರ ಬರದು. ಆ ಬರದಿದ್ದ ಇಂಗ್ಲಿಷೇ ಆ ವರ್ಷ ನಮ್ಮ ಮನೆಯಲ್ಲಿ ದೊಡ್ಡ ರಾದ್ಧಾಂತ ಮಾಡಿತು.

ನಾವು ಚಾಮರಾಜಪುರಂನವರು. ನನ್ನ ಯಜಮಾನರು ಹೋದ ಮೇಲೆ ನಾನು ಮಗಳು ಗಿರಿಜೆಯ ಮನೆಗೇ ಬಂದುಬಿಟ್ಟೆ. ಅಳಿಯ ರಾಜಶೇಖರ ಅವರಿಗೆ ವಿಭೂತಿ, ಕರ್ಪೂರ, ಊದುಬತ್ತಿ ಮಾರುವ ಗ್ರಂಥಿಗೆ ಅಂಗಡಿ ಇದೆ. ಮೊಮ್ಮಗಳು ಶಾಂಭವಿ ಒಬ್ಬಳೇ. ಅವಳು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿ ತಿಮಿಂಗಿಲದ ಮೇಲೆ ಓದುತ್ತೇನೆ ಎಂದಾಗ ಅಳಿಯ, "ಮೈಸೂರಲ್ಲಿ ಕೂತ್ಕೊಂಡು ಸಮುದ್ರದ ಪ್ರಾಣಿನಾ? ಕುಕ್ಕರಹಳ್ಳಿ ಕೆರೇಲಿ ಒಂದಾದ್ರೂ ಇದ್ಯಾ ನೋಡ್ಕೊಂಡ್ ಬಾ ಮೊದ್ಲು" ಎಂದು ರೇಗಿಸಿದ್ದರು.

ಅವಳು ಸಮುದ್ರಕ್ಕೆ ಇಳಿಯಬೇಕಿರಲಿಲ್ಲ. ನಮ್ಮ ಪಡುವಣ ಸಮುದ್ರದ ದಡದಲ್ಲೂ ಮೂಡಣ ಸಮುದ್ರದ ದಡದಲ್ಲೂ ಆಗಾಗ ತಿಮಿಂಗಿಲಗಳು ಸತ್ತು ಬಂದು ಬೀಳುತ್ತವಂತೆ. ಚೌಕ ತಲೆಯ, ಹಲ್ಲಿರುವ ಜಾತಿ. ಹಾಗೆ ಬಿದ್ದವುಗಳಿಂದ ಬೆರಳ ತುದಿಯಷ್ಟು ಚರ್ಮ ತೆಗೆದು, ಸರ್ಕಾರದ ಅನುಮತಿಯೊಂದಿಗೆ, ಸ್ಪಿರಿಟ್ಟಿನ ಪುಟ್ಟ ಶೀಶೆಯಲ್ಲಿ ಮುಳುಗಿಸಿ ಇವಳ ಡಿಪಾರ್ಟ್‌ಮೆಂಟಿಗೆ ಕಳಿಸುತ್ತಿದ್ದರು. ಹೀಗೆ ವರ್ಷಗಟ್ಟಲೆ ಕಾದು ಕೂಡಿಸಿದ್ದು ನಲವತ್ತೆರಡು ಶೀಶೆ. ಆ ಎರಡು ಸಮುದ್ರದ ತಿಮಿಂಗಿಲಗಳು ಒಂದೇ ಬಳಗವೋ, ಬೇರೆ ಬೇರೆ ಬಳಗವೋ? ಅವಳು ಕಂಡುಹಿಡಿಯಬೇಕಿದ್ದದ್ದು ಇಷ್ಟೇ.

ಅದನ್ನು ಹೇಗೆ ಕಂಡುಹಿಡಿಯುತ್ತೀಯೇ ಎಂದು ಒಂದು ಸಂಜೆ ನೆನೆಸಿದ ಒಣ ಅವರೆಕಾಳು ಹಿಸುಕುತ್ತಾ ಕೇಳಿದೆ. ಅವಳೂ ಕೈಹಾಕಿ ಹಿಸುಕುತ್ತಲೇ ಹೇಳಿದಳು:

"ಅಜ್ಜಿ, ಮೈಯ ಒಂದೊಂದು ಕಣಾನೂ ಒಂದೊಂದು ಮನೆ ಅಂದ್ಕೋ. ಮಧ್ಯದ ಕೋಣೇಲಿ ಒಂದು ದೊಡ್ಡ ಗ್ರಂಥ ಇರುತ್ತೆ. ಅದರಲ್ಲಿ ಅರ್ಧ ಅಪ್ಪಂದು, ಅರ್ಧ ಅಮ್ಮಂದು. ಅಡಿಗೆಮನೇಲಿ ಸಣ್ ಸಣ್ಣ ಒಲೆಗಳಿರ್ತವೆ, ತಿಂದಿದ್ದನ್ನ ಉರಿಸಿ ಶಕ್ತಿ ಕೊಡೋವು. ಆ ಒಲೆಗಳಿಗೂ ಅವುಗಳದ್ದೇ ಒಂದು ಪುಟ್ಟ ಚೀಟಿ ಇದೆ. ಅದು ಮಾತ್ರ ಬರೀ ಅಮ್ಮನಿಂದ ಬರುತ್ತೆ."

"ಅಂಗಾರೆ ನನ್ ಒಲೆ, ನಿಮ್ಮಮ್ಮನ ಒಲೆ, ನಿನ್ ಒಲೆ ಎಲ್ಲ ಒಂದೇಯ?"

"ಒಂದೇ."

ಪೇಪರು ಓದುತ್ತಿದ್ದ ಅಳಿಯ ತಲೆಯೆತ್ತಿ, "ನಂದು?" ಎಂದರು.

"ನಿಮ್ದು ನಿಮ್ಮಮ್ಮನ ಒಲೆ ಕಣಪ್ಪ. ನಿಮ್ಮಲ್ಲಿಗೇ ಆರೋಯ್ತು. ನಂಗೆ ಬಂದಿಲ್ಲ."

"ಫೀಸ್ ಕಟ್ಟೋಕೆ ನಾನು, ಒಲೆ ಮಾತ್ರ ಅಜ್ಜೀದು" ಎಂದು ಅಳಿಯ ಪೇಪರು ಮಡಿಚಿ ಎದ್ದರು. ಗಿರಿಜೆ ಒಳಗಿನಿಂದಲೇ ನಕ್ಕಳು.

ಒಲೆಯ ಚೀಟಿಯನ್ನು ಶಾಂಭವಿ ಆಗಲೇ ಓದಿ ಮುಗಿಸಿದ್ದಳು. ಎರಡು ಸಮುದ್ರದ್ದೂ ಬೇರೆ ಬೇರೆ ಎಂದು ಅದು ಹೇಳಿತ್ತು. ಆದರೆ ಅವಳಿಗೆ ಸಮಾಧಾನವಿರಲಿಲ್ಲ. ತಾಯಂದಿರು ಹುಟ್ಟಿದಲ್ಲೇ ಉಳಿದು, ಗಂಡುಗಳು ಸಮುದ್ರ ದಾಟಿ ಹೋಗಿ ಬರುತ್ತಿದ್ದರೆ ಚೀಟಿಗೆ ಅದು ತಿಳಿಯುವುದೇ ಇಲ್ಲ. ಅಪ್ಪಂದಿರ ಸುದ್ದಿ ದೊಡ್ಡ ಗ್ರಂಥದಲ್ಲಿ ಮಾತ್ರ ಸಿಗುತ್ತದೆ. ಅದರಲ್ಲಿ ಮೊದಲ ಕೆಲವು ಜಾಗಗಳನ್ನು ಎಲ್ಲ ಶೀಶೆಗಳಿಂದಲೂ ಓದಿದ್ದಳು, ಉಳಿದವು ಬಾಕಿ ಇದ್ದವು. ಅವಳ ಅವಧಿ ಮುಗಿಯಲು ಎಂಟು ತಿಂಗಳಿತ್ತು.

"ನಮ್ಮಲ್ಲಿ ಹೆಣ್ಣು ಹೋಗ್ತದೆ, ಗಂಡು ಉಳೀತದೆ. ಅವುಗಳಲ್ಲಿ ಉಲ್ಟಾ" ಎಂದೆ ನಾನು. "ನಾನೂ ಮಗಳ ಜೊತೇಲೇ ಇದೀನಲ್ಲ, ಅಂಗಾರೆ ನಾವು ಮೂರು ಜನಾನೂ ತಿಮಿಂಗಿಲದ ಕುಲದೋರೇ ಬುಡು."

ಆ ವರ್ಷ ಮಳೆ ತಡವಾಗಿ ಬಿಟ್ಟಿತು. ನವರಾತ್ರಿ ಹತ್ತಿರವಾದರೂ ಸಂಜೆಯಾದರೆ ಚಾಮುಂಡಿ ಬೆಟ್ಟ ಮೋಡದೊಳಗೆ ಅಡಗುತ್ತಿತ್ತು, ಗಳಿಗೆಗೊಮ್ಮೆ ಕರೆಂಟು ಹೋಗುತ್ತಿತ್ತು. ಅದೇ ಹೊತ್ತಿಗೆ ಡಿಪಾರ್ಟ್‌ಮೆಂಟಿನ ಫ್ರೀಜರ್ ಕೆಟ್ಟಿತು. ಚರ್ಮದಿಂದ ತೆಗೆದಿಟ್ಟಿದ್ದ ಡಿಎನ್‌ಎ ಅಷ್ಟೂ ಹಾಳಾಯಿತು. ಸ್ಪಿರಿಟ್ಟಿನಲ್ಲಿ ಮುಳುಗಿದ್ದ ಚರ್ಮದ ಚೂರುಗಳು ಮಾತ್ರ ಉಳಿದವು. ಹಬ್ಬಕ್ಕೆ ಡಿಪಾರ್ಟ್‌ಮೆಂಟಿಗೆ ಬೀಗ ಬೀಳುತ್ತದೆ, ಈ ಸೆಖೆಯಲ್ಲಿ ಶೀಶೆಗಳನ್ನು ಬೀರುವಿನಲ್ಲಿ ಬಿಡಲು ಮನಸ್ಸಿಲ್ಲ ಎಂದು ಶಾಂಭವಿ ಅವಳ ಗೈಡ್ ಮೇಡಂ ಅವರನ್ನು ಕೇಳಿ, ರಿಜಿಸ್ಟರಿನಲ್ಲಿ ಬರೆದು, ಸ್ಟೀಲಿನ ಡಬ್ಬಿಯೊಂದರಲ್ಲಿ ಅವನ್ನೆಲ್ಲ ಮನೆಗೆ ತಂದಳು.

ಗಿರಿಜೆ ಬಾಗಿಲಲ್ಲೇ ತಡೆದಳು. "ಮನೇಲಿ ಲಿಂಗಪೂಜೆ ಮಾಡೋರಿದೀವಿ, ಫ್ರಿಜ್ಜಲ್ಲಿ ಮೀನಿಡ್ತೀಯಾ?"

"ಅಮ್ಮ, ಅದು ಮೀನಲ್ಲ. ಮರಿಗೆ ಹಾಲೂಡಿಸೋ ಪ್ರಾಣಿ."

"ಹಾಲೂಡಿಸ್ತದಾ?" ಎಂದೆ ನಾನು. "ಎಷ್ಟು ದಿನ?"

"ಎರಡು ವರ್ಷ, ಒಂದೊಂದ್ಸಲ ಇನ್ನೂ ಜಾಸ್ತಿ. ಅಮ್ಮ ಮೇವಿಗೆ ಕೆಳಗಿಳಿದ್ರೆ ಬೇರೆ ಹೆಣ್ಣುಗಳು ಮೇಲೆ ಮರಿ ಕಾಯ್ತವೆ ಅಜ್ಜಿ."

ಇದನ್ನು ಕೇಳಿದ ಮೇಲೆ ನನ್ನ ಮನಸ್ಸು ತಡೆಯಲಿಲ್ಲ. "ಬಾಣಂತೀನ ಹೊಸಿಲಲ್ಲಿ ನಿಲ್ಲಿಸ್ತಾರೇನೇ ಗಿರಿಜಾ, ಬುಡು ಒಳಕ್ಕೆ" ಎಂದು ನಾನೇ ಡಬ್ಬಿಯನ್ನು ಈಸಿಕೊಂಡು ಫ್ರೀಜರಿನಲ್ಲಿದ್ದ ಬಟಾಣಿಯನ್ನು ಸರಿಸಿ ಜಾಗ ಮಾಡಿದೆ.

ಆಯುಧಪೂಜೆಯ ಬೆಳಿಗ್ಗೆ. ತಾಯಿ ಮಗಳು ಇಬ್ಬರೂ ಸೇವಂತಿಗೆ, ಬಾಳೆಕಂದು, ಬೂದುಗುಂಬಳ ತರಲು ಮಾರ್ಕೆಟ್ಟಿಗೆ ಹೋಗಿದ್ದರು. ಅಳಿಯ ಅಂಗಡಿ ತೊಳೆಯಲು ಹೋಗಿದ್ದರು. ನಮ್ಮ ಮನೆಯ ಪದ್ಧತಿ ಏನೆಂದರೆ ಆ ದಿನ ಅನ್ನ ಕೊಡುವ ಯಾವ ಸಾಮಾನೂ ಬಿಟ್ಟುಹೋಗಬಾರದು. ಈಳಿಗೆಮಣೆ, ಮಿಕ್ಸಿ, ಹೊಲಿಗೆ ಯಂತ್ರ, ಅಂಗಡಿಯ ತಕ್ಕಡಿ, ಸ್ಕೂಟರ್, ಎಲ್ಲವನ್ನೂ ಒರೆಸಿ ವಿಭೂತಿ ಹಚ್ಚಬೇಕು. ಫ್ರಿಜ್ಜು ಒರೆಸುತ್ತಾ ಫ್ರೀಜರಿಗೆ ಬಂದೆ. ಡಬ್ಬಿ ತೆಗೆದರೆ ಗಪ್ಪನೆ ಸ್ಪಿರಿಟ್ಟಿನ ವಾಸನೆ. ಒಂದು ಶೀಶೆಯ ಮುಚ್ಚಳ ಸಡಿಲವಾಗಿ ಸೋರಿತ್ತು. ಎಲ್ಲ ಶೀಶೆಗಳೂ ಒದ್ದೆ, ಮೇಲೆಲ್ಲ ಕಪ್ಪಗೆ ಏನೋ ಕದಡಿಕೊಂಡಿತ್ತು.

ಅಯ್ಯೋ, ಮಗುವಿನ ಓದೇ ಇದರಲ್ಲಿದೆ, ಇದಕ್ಕಿಂತ ದೊಡ್ಡ ಆಯುಧ ಯಾವುದು ಎಂದುಕೊಂಡು ಸೋರುತ್ತಿದ್ದದ್ದರ ಮುಚ್ಚಳ ಬಿಗಿ ಮಾಡಿದೆ. ಆಮೇಲೆ ಹಳೆಯ ಪಂಚೆಯ ತುಂಡಿನಿಂದ ನಲವತ್ತೆರಡನ್ನೂ ಒಂದೊಂದಾಗಿ ತಿಕ್ಕಿ ಒರೆಸಿದೆ. ಕಪ್ಪು ಸಲೀಸಾಗಿ ಬಂತು. ಫಳಫಳ ಹೊಳೆಯುವಂತೆ ಮಾಡಿ, ಬಾಳೆಲೆಯ ಮೇಲೆ ಸಾಲಾಗಿ ನಿಲ್ಲಿಸಿ, ಪ್ರತಿಯೊಂದಕ್ಕೂ ಮೂರೆಳೆ ವಿಭೂತಿ, ನಡುವೆ ಕುಂಕುಮ, ತಲೆಯ ಮೇಲೊಂದು ಹೂವಿನ ಎಸಳು. ನೋಡಲು ಎಷ್ಟು ಚೆನ್ನಾಗಿತ್ತು ಅಂತೀರಿ!

ಶಾಂಭವಿ ಹೂವಿನ ಚೀಲ ಹಿಡಿದು ಒಳಗೆ ಬಂದವಳು ಅಲ್ಲೇ ನಿಂತಳು.

"ಅಜ್ಜಿ, ನಂಬರ್ ಎಲ್ಲಿ?"

"ಯಾವ ನಂಬರ್ರೇ?"

"ಬಾಟಲ್ ಮೇಲೆ ಬರ್ದಿತ್ತಲ್ಲ, ಮಾರ್ಕರಲ್ಲಿ. ಯಾವ ದಡದ್ದು, ಯಾವ ತಿಮಿಂಗಿಲ ಅಂತ."

"ಅದು ಕೊಳೆ ಅಲ್ವೇನೇ? ಕಪ್ಪಗೆ ಹರೀತಿತ್ತು. ಒರೆಸ್ಬುಟ್ಟೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆಲದ ಮೇಲೆ ಕೂತು ಒಂದೊಂದೇ ಶೀಶೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಎಲ್ಲದರ ಮೇಲೂ ನನ್ನ ವಿಭೂತಿಯೇ. ಕೊನೆಗೆ, "ಪೂಜೆ ಮುಗಿಸು ಅಜ್ಜಿ, ಅರ್ಧಕ್ಕೆ ಬಿಡಬೇಡ" ಎಂದು ಎದ್ದು ಹೋದಳು. ಆ ದಿನ ಒಬ್ಬಟ್ಟು ಯಾರ ಗಂಟಲಿನಲ್ಲೂ ಇಳಿಯಲಿಲ್ಲ.

ರಜೆ ಮುಗಿದು ಅವಳು ಮೇಡಂ ಅವರ ಮುಂದೆ ನಿಲ್ಲುವ ದಿನ ನಾನೂ ಹೊರಟೆ. ಬೇಡ ಎಂದಳು, ಕೇಳಲಿಲ್ಲ. ತಪ್ಪು ಮಾಡಿದವಳು ಮನೆಯಲ್ಲಿ ಕೂತು, ಮಗು ಬೈಸಿಕೊಳ್ಳುವುದೇ? ಮೇಡಂ ನಮ್ಮ ಗಿರಿಜೆಯ ವಯಸ್ಸಿನವರು, ಕನ್ನಡಕ ಮೂಗಿನ ತುದಿಗೆ.

"ನೀವೇನಾ ಅಮ್ಮ ತಿಮಿಂಗಿಲಕ್ಕೆ ವಿಭೂತಿ ಹಚ್ಚಿದೋರು?" ಎಂದರು.

"ನಾನೇ ತಾಯಿ. ನನ್ನ ಬೈರಿ. ಮಗೂದೇನೂ ತಪ್ಪಿಲ್ಲ."

"ಇದೆ. ಮಾರ್ಕರ್ ಶಾಯಿ ಸ್ಪಿರಿಟ್ಟಲ್ಲಿ ಕರಗುತ್ತೆ, ಪೆನ್ಸಿಲಲ್ಲಿ ಬರೆದ ಚೀಟೀನ ಶೀಶೆ ಒಳಗೇ ಹಾಕಬೇಕು ಅಂತ ಮೊದಲನೇ ದಿನಾನೇ ಹೇಳಿದ್ದೆ. ನಾಳೆ ಹಾಕ್ತೀನಿ, ನಾಡಿದ್ದು ಹಾಕ್ತೀನಿ ಅಂದ್ಲು. ಮನೆಗೆ ಒಯ್ಯೋಕೆ ಒಪ್ಪಿದ್ದು ನನ್ ತಪ್ಪು." ಶಾಂಭವಿ ತಲೆ ತಗ್ಗಿಸಿದಳು. ಮೇಡಂ ಅವಳ ಕಡೆ ತಿರುಗಿ, "ನೋಡು, ಅಮ್ಮಂದಿರ ಕಡೆಯದು ಮುಗಿದಿದೆ. ಅಷ್ಟಕ್ಕೇ ಬರೆದು ಕೊಟ್ಬಿಡು. ಡಿಗ್ರಿ ಬರುತ್ತೆ" ಎಂದರು.

"ಅದು ಅರ್ಧ ಸತ್ಯ ಮೇಡಂ" ಎಂದಳು ಶಾಂಭವಿ. "ಎರಡೂ ಬೇರೆ ಬೇರೆ ಬಳಗ ಅಂತ ಬರೆದು ಕೈತೊಳ್ಕೊಂಡ್ರೆ, ನಾಳೆ ಯಾರಾದ್ರೂ ಅದನ್ನೇ ನಂಬ್ತಾರೆ. ಹೆಸರು ಅಳಿಸಿದ್ದು ಗಾಜಿನ ಮೇಲಿಂದ. ಒಳಗಿಂದ ಅಳಿಸಿಲ್ಲವಲ್ಲ. ಮತ್ತೆ ಮೊದಲಿಂದ ಓದ್ತೀನಿ. ಮೊದಲ ಸಲ ಓದಿ ನಂಬರ್ ಸಮೇತ ಬರೆದಿಟ್ಟ ಹಳೇ ಪಟ್ಟಿ ಇದೆ, ಅದರ ಜೊತೆ ತಾಳೆ ನೋಡ್ತೀನಿ. ಯಾವ್ದು ಯಾವ್ದು ಅಂತ ಅವೇ ಹೇಳ್ತವೆ."

ಮೇಡಂ ಗೋಡೆಯ ಕ್ಯಾಲೆಂಡರ್ ತಿರುವಿದರು. "ಯುಗಾದಿವರೆಗೆ ಟೈಮು" ಎಂದರು. ಆಮೇಲೆ ನನ್ನ ಮುಂದೆ ಒಂದು ಪೆನ್ಸಿಲ್ಲು, ದಪ್ಪ ಕಾಗದ, ಕತ್ತರಿ ಇಟ್ಟರು. "ನೀವೂ ಕೂತ್ಕೊಳ್ಳಿ. ಕನ್ನಡ ಅಂಕಿ ಬರುತ್ತಲ್ಲ? ನಲವತ್ತೆರಡು ಚೀಟಿ ಬರೀರಿ. ತಾತ್ಕಾಲಿಕ ಹೆಸರು." ನಾನು ೧ರಿಂದ ೪೨ರವರೆಗೆ ಗುಂಡಗೆ ಬರೆದೆ. ಒಂದೊಂದು ಶೀಶೆಗೆ ಒಂದೊಂದು ಚೀಟಿಯನ್ನು ಶಾಂಭವಿ ಚಿಮಟದಿಂದ ಒಳಗಿಳಿಸಿದಳು. ಸ್ಪಿರಿಟ್ಟಿನಲ್ಲಿ ನನ್ನ ಅಕ್ಷರ ಅಲುಗಾಡಲಿಲ್ಲ.

ಆ ಚಳಿಗಾಲ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅವಳು ಬೆಳಿಗ್ಗೆ ಮಂಜಿನಲ್ಲೇ ಸೈಕಲ್ ಹತ್ತಿ ಹೋಗುವಳು. ಚರ್ಮವನ್ನು ಕರಗಿಸಿ, ಡಿಎನ್‌ಎ ತೆಗೆದು, ಬೇಕಾದ ಜಾಗವನ್ನು ಲಕ್ಷಗಟ್ಟಲೆ ನಕಲು ಮಾಡುವ ಯಂತ್ರಕ್ಕೆ ಹಾಕಿ, ಆಮೇಲೆ ಓದುವ ಕೆಲಸ. ಸಂಜೆ ಬಂದು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಗೋಪುರಗಳಂಥ ಗೆರೆಗಳನ್ನು ತೋರಿಸುವಳು. ಮೊದಲು ಒಲೆಯ ಚೀಟಿ. ಸಂಕ್ರಾಂತಿಯ ಹೊತ್ತಿಗೆ ನಲವತ್ತೆರಡೂ ಏಳು ತಾಯಿಮನೆಗಳಾಗಿ ವಿಂಗಡವಾದವು.

"ಸಿಕ್ಬುಡ್ತಲ್ಲ!" ಎಂದು ನಾನು ಅವಳ ಬಾಯಿಗೆ ಎಳ್ಳುಬೆಲ್ಲ ಹಾಕಿದೆ.

"ಎಲ್ಲಿ ಸಿಕ್ತು ಅಜ್ಜಿ? ಒಂದು ಮನೇಲಿ ಹನ್ನೊಂದು ಜನ ಇದಾರೆ. ಹನ್ನೊಂದಕ್ಕೂ ಒಂದೇ ಚೀಟಿ. ಮನೆ ಯಾವುದು ಅಂತ ಗೊತ್ತಾಯ್ತು, ಆಳು ಯಾರು ಅಂತ ಗೊತ್ತಾಗ್ಲಿಲ್ಲ. ಅದಕ್ಕೆ ಗ್ರಂಥಾನೇ ಬೇಕು."

ಗ್ರಂಥದಲ್ಲಿ ಯಾವ ಎರಡೂ ಒಂದೇ ಥರ ಇರುವುದಿಲ್ಲವಂತೆ. ಮೊದಲು ಓದಿದ್ದ ಅದೇ ಜಾಗಗಳನ್ನು ಮತ್ತೆ ಓದಿ, ಹಳೆಯ ಪಟ್ಟಿಗೆ ಹೊಂದಿಸುತ್ತಾ ಹೋದಳು. ನನ್ನ ೧೪ ಎಂದರೆ ಪಡುವಣ ದಡದ ಮುದಿ ಗಂಡು. ನನ್ನ ೩೦ ಎಂದರೆ ಮೂಡಣ ದಡದ ಬಸುರಿ. ದಿನಕ್ಕೆ ಮೂರು, ದಿನಕ್ಕೆ ಐದು. ಅಳಿಯ ಅಂಗಡಿಯಿಂದಲೇ ಫೋನು ಮಾಡಿ "ಇವತ್ತೆಷ್ಟು?" ಎಂದು ಕೇಳುವರು, ಗಿರಾಕಿಗಳಿಗೂ ಹೇಳುವರು. ಶಿವರಾತ್ರಿಯ ಹೊತ್ತಿಗೆ ನಲವತ್ತೊಂದು ತಾಳೆಯಾದವು.

ಉಳಿದದ್ದು ೨೭. ಸೋರಿ ಒಣಗಿದ್ದ ಶೀಶೆ ಅದೇ. ಪಟ್ಟಿಯಲ್ಲಿ ಉಳಿದಿದ್ದ ಒಂದೇ ಹೆಸರು ಅದರದ್ದಿರಬೇಕು, ಸರಿ. ಮೂಡಣ ದಡದ ಚಿಕ್ಕ ಹೆಣ್ಣು. ಆದರೆ ಚರ್ಮ ಕೆಟ್ಟಿತ್ತು, ಒಲೆಯ ಚೀಟಿ ಹೇಗೋ ಸಿಕ್ಕಿತ್ತು, ಗ್ರಂಥದಲ್ಲಿ ಮಾತ್ರ ಓದಲು ಏನೂ ಬರುತ್ತಿರಲಿಲ್ಲ. ಮೇಡಂ ಬಿಟ್ಟುಬಿಡು ಎಂದರು. ಇವಳು, "ಇರಬೇಕು ಅಂದ್ರೆ ಸಾಲ್ದು ಮೇಡಂ, ಅದೇ ಹೇಳಬೇಕು" ಎಂದು ಹಠ ಹಿಡಿದಳು. ಎರಡು ಸಲ ಸೋತಳು. ಚೂರಿನ ನಡುಭಾಗದಲ್ಲಿ ಒಣಗದೆ ಉಳಿದಿದ್ದ ಸಾಸಿವೆಯಷ್ಟನ್ನು ತೆಗೆದು ಮೂರನೇ ಸಲ ಹಾಕಿದ ದಿನ ಮಧ್ಯಾಹ್ನ ಫೋನು ಬಂತು. "ಅಜ್ಜಿ, ೨೭ ಮಾತಾಡ್ತು!" ಗಿರಿಜೆ ಹೊಲಿಗೆ ಯಂತ್ರ ಬಿಟ್ಟು ಓಡಿ ಬಂದಳು. ನಾವಿಬ್ಬರೂ ಅಡಿಗೆಮನೆಯಲ್ಲಿ ಕೈ ಕೈ ಹಿಡಿದು ಕುಣಿದೆವು ಎಂದರೆ ನೀವು ನಂಬಬೇಕು.

ಆಮೇಲೆ ಬಾಕಿ ಜಾಗಗಳನ್ನೆಲ್ಲ ಓದಿದಳು. ಯುಗಾದಿಗೆ ನಾಲ್ಕು ದಿನವಿರುವಾಗ ಮನೆಗೆ ಬಂದು ಬೂಟನ್ನೂ ಬಿಚ್ಚದೆ ಒಳಗೆ ನುಗ್ಗಿದಳು. ಗ್ರಂಥದ ಪ್ರಕಾರ ಎರಡು ಸಮುದ್ರದ ತಿಮಿಂಗಿಲಗಳೂ ಬೆರೆತಿದ್ದವು. ತಾಯಂದಿರು ತಂತಮ್ಮ ಕಡೆಯಲ್ಲೇ, ಅಪ್ಪಂದಿರು ಎರಡೂ ಕಡೆ. ಅಷ್ಟೇ ಅಲ್ಲ.

"ಅಜ್ಜಿ, ನಿನ್ನ ೧೪, ನಿನ್ನ ೨೭. ಓದಿದ ಒಂದೊಂದು ಜಾಗದಲ್ಲೂ ಅರ್ಧ ಅರ್ಧ ಹೊಂದ್ತಿದೆ. ಒಂದೂ ತಪ್ಪಿಲ್ಲ. ಒಲೆಯ ಚೀಟಿ ಮಾತ್ರ ಬೇರೆ ಬೇರೆ."

ನಾನು ಯೋಚಿಸಿದೆ. ಅರ್ಧ ಹೊಂದಿದರೆ ಹೆತ್ತವರು ಮಕ್ಕಳು. ತಾಯಿ ಮಗ ಆಗಿದ್ದರೆ ಒಲೆ ಒಂದೇ ಇರಬೇಕಿತ್ತು. "ಅಪ್ಪ ಮಗಳು ಕಣೇ!" ಎಂದೆ.

"ಅಪ್ಪ ಮಗಳು!" ಎಂದು ಅವಳು ನನ್ನನ್ನು ಎತ್ತಿಯೇ ಬಿಟ್ಟಳು. ಅಪ್ಪ ಪಡುವಣ ಸಮುದ್ರದಲ್ಲಿ, ಮಗಳು ಮೂಡಣ ಸಮುದ್ರದಲ್ಲಿ. ಅಳಿಯ ಬಾಗಿಲಲ್ಲಿ ನಿಂತು, "ಅಂತೂ ಅಪ್ಪಂದಿರದ್ದೂ ಒಂದು ಲೆಕ್ಕ ಇದೆ ಅಂತಾಯ್ತು" ಎಂದು ಕಣ್ಣೊರೆಸಿಕೊಂಡರು.

ಕೊನೆಯ ಪರೀಕ್ಷೆ ಆಷಾಢದಲ್ಲಿ. ಜಿಟಿಜಿಟಿ ಮಳೆ. ಅದು ಎಲ್ಲರೆದುರು ನಡೆಯುವ ಪರೀಕ್ಷೆ, ಯಾರು ಬೇಕಾದರೂ ಬಂದು ಕೂರಬಹುದು, ಪ್ರಶ್ನೆ ಕೇಳಬಹುದು ಎಂದಿದ್ದರು. ನಾವು ಮೂವರೂ ಕೊನೆಯ ಸಾಲಿನಲ್ಲಿ ಕೂತೆವು. ಪರೀಕ್ಷೆ ಮಾಡಲು ಕರಾವಳಿಯಿಂದ ಬಂದಿದ್ದ ಹಿರಿಯರು ಎತ್ತರದ ಆಳು, ನಗುವೇ ಇಲ್ಲ. ಎಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅಳಿಯ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಒಂದು ಹಂತದಲ್ಲಿ ಹಿರಿಯರು ಶಾಂಭವಿ ಬರೆದಿದ್ದ ಪುಸ್ತಕದ ಒಂದು ಹಾಳೆಯ ಮೇಲೆ ಬೆರಳಿಟ್ಟು ಏನೋ ಕೇಳಿದರು. ನಾನು ಅಳಿಯನ ಕಡೆ ವಾಲಿದೆ.

"ಏನಂತೆ?"

"ಹೆಸರು ಅಳಿಸಿಹೋದ ಶೀಶೆಗಳನ್ನ ನಾನು ಹೇಗೆ ನಂಬಲಿ ಅಂತಿದಾರೆ ಅತ್ತೆ."

ಅವಳು ಅದನ್ನು ಮುಚ್ಚಿಡದೆ ಪುಸ್ತಕದಲ್ಲೇ ಬರೆದಿದ್ದಳು. ಶಾಂಭವಿ ಒಂದು ಕ್ಷಣ ನಮ್ಮ ಕಡೆ ನೋಡಿ, ಕನ್ನಡದಲ್ಲೇ ಹೇಳಿದಳು: "ಸರ್, ಆಯುಧಪೂಜೆ ದಿನ ನಮ್ಮಜ್ಜಿ ಪ್ರೀತಿಯಿಂದ ಒರೆಸಿ ಪೂಜೆ ಮಾಡಿದ್ರು. ಚೀಟಿ ಒಳಗೆ ಹಾಕದಿದ್ದ ತಪ್ಪು ನಂದು. ಅದಕ್ಕೇ ನಲವತ್ತೆರಡನ್ನೂ ಎರಡನೇ ಸಲ ಓದಿದೆ. ಮೊದಲ ಓದಿಗೂ ಎರಡನೇ ಓದಿಗೂ ಒಂದೊಂದೂ ತಾಳೆ ಆಗಿದೆ. ಪಟ್ಟಿ ಕೊನೇಲಿದೆ." ಸಭೆಯಲ್ಲಿ ನಗೆ ಎದ್ದಿತು. ಹಿರಿಯರು ನಗಲಿಲ್ಲ. ಪಟ್ಟಿಯನ್ನು ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದರು. ಕನ್ನಡಕ ತೆಗೆದರು. ಅವರೂ ಕನ್ನಡದಲ್ಲೇ, "ಎಲ್ಲರೂ ಶೀಶೆ ಮೇಲಿನ ಬರಹ ನಂಬ್ತಾರೆ. ನೀನು ಒಳಗಿರೋದನ್ನೇ ಕೇಳಿದೀಯ. ನನಗೆ ಇನ್ನೇನೂ ಸಂಶಯ ಇಲ್ಲ" ಎಂದರು. ಮೇಡಂ ಮುಖ ನೋಡಬೇಕಿತ್ತು ನೀವು!

ಆಮೇಲೆ ಹಿರಿಯರು ಸಭೆಯ ಕಡೆ ತಿರುಗಿ, ಯಾರದ್ದಾದರೂ ಪ್ರಶ್ನೆ ಇದೆಯೇ ಎಂದರು. ಯಾರೂ ಏಳಲಿಲ್ಲ. ನಾನು ಎದ್ದೆ. ಗಿರಿಜೆ ಸೆರಗು ಜಗ್ಗಿದಳು, "ಅಮ್ಮ, ಕೂತ್ಕೋ!" ಯಾರು ಬೇಕಾದರೂ ಕೇಳಬಹುದು ಅಂದಿದ್ದರಲ್ಲ, ನಾನು ಯಾಕೆ ಕೂರಲಿ?

"ಆ ಅಪ್ಪ ಆ ಮಗಳನ್ನ ಒಂದ್ಸಲನಾದ್ರೂ ನೋಡಿದ್ನಾ?" ಎಂದು ಕೇಳಿದೆ.

ಶಾಂಭವಿ ನೀರು ಕುಡಿದಳು. ಉಳಿದವರಿಗೆ ಉತ್ತರ ಕೊಟ್ಟಷ್ಟೇ ಮರ್ಯಾದೆಯಿಂದ ನನಗೂ ಉತ್ತರ ಕೊಟ್ಟಳು. "ಬಹುಶಃ ಇಲ್ಲ. ಗಂಡುಗಳು ಮರಿ ಹುಟ್ಟೋ ಮುಂಚೆನೇ ಹೊರಟುಹೋಗ್ತವೆ. ಅವರಿಬ್ರೂ ಬದುಕಿದ್ದಾಗ ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ಇವಳು ಇವನ ಮಗಳು ಅಂತ ಮೊದಲು ಗೊತ್ತಾಗಿದ್ದು ಮೈಸೂರಲ್ಲಿ."

ಹಿರಿಯರು ಎದ್ದು ನಿಂತು, ಕಾಗದ ನೋಡದೆ, "ಡಾಕ್ಟರ್ ಶಾಂಭವಿ" ಎಂದರು. ಇಡೀ ಸಭೆ ಚಪ್ಪಾಳೆ ಹೊಡೆಯಿತು. ನನ್ನ ಒಂದು ಕೈಯನ್ನು ಗಿರಿಜೆ ಹಿಡಿದುಕೊಂಡು ಅಳುತ್ತಿದ್ದಳು, ಇನ್ನೊಂದನ್ನು ಅಳಿಯ ಹಿಡಿದುಕೊಂಡು ಅಳುತ್ತಿದ್ದರು. ಚಪ್ಪಾಳೆ ಹೊಡೆಯಲು ನನಗೆ ಕೈಯೇ ಉಳಿದಿರಲಿಲ್ಲ. ಬಾಯಿ ಇತ್ತಲ್ಲ. "ನನ್ ಮೊಮ್ಮಗಳು ಕಣ್ರೀ!" ಎಂದು ಹೊರಗೆ ಮಳೆಯಲ್ಲಿ ಹೋಗುತ್ತಿದ್ದವರೂ ತಿರುಗಿ ನೋಡುವ ಹಾಗೆ ಕೂಗಿದೆ.